‘ಜೊತೆಗೆ ಯಾರು ಬಂದಿದ್ದೀರಿ?’

ಯಾರನ್ನಾದರೂ ಆಸ್ಪತ್ರೆಗೆ ಸೇರಿಸಲು ಹೋದವರಿಗೆ ಇದು ಗೊತ್ತಿರುತ್ತದೆ. ಕೌಂಟರ್‌ನಲ್ಲಿ ಕೂತವರು ಮೂರು ಪ್ರಶ್ನೆ ಕೇಳುತ್ತಾರೆ. ಏನಾಗಿದೆ? ಹಣ ಹೇಗೆ ಕಟ್ಟುತ್ತೀರಿ, ಇನ್ಶೂರೆನ್ಸ್ ಇದೆಯಾ? ಜೊತೆಗೆ ಯಾರು ಬಂದಿದ್ದೀರಿ?

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ನನ್ನ ಗೆಳೆಯನೊಬ್ಬನನ್ನು ಹೀಗೆ ಸೇರಿಸಬೇಕಾಯಿತು. ಮೊದಲ ಎರಡು ಪ್ರಶ್ನೆಗೆ ಅವನ ಹತ್ತಿರ ಉತ್ತರ ಇತ್ತು. ಎದೆನೋವು ಎಷ್ಟು ಹೊತ್ತಿಗೆ ಶುರುವಾಯಿತು ಅಂತ ಸರಿಯಾಗಿ ಹೇಳಿದ. ಇನ್ಶೂರೆನ್ಸ್ ಕಾರ್ಡ್ ಫೋನಿನಲ್ಲೇ ಇತ್ತು. ಹದಿನೈದು ವರ್ಷ ಬಿಡುವಿಲ್ಲದೆ ದುಡಿದವನು, ಉಳಿತಾಯಕ್ಕೆ ಕೊರತೆ ಇರಲಿಲ್ಲ. ಮೂರನೆಯ ಪ್ರಶ್ನೆ ಬಂದಾಗ ನನ್ನ ಮುಖ ನೋಡಿದ. ನಾವಿಬ್ಬರೂ ಮಾತಾಡಿ ಆಗಲೇ ಎಂಟು ತಿಂಗಳಾಗಿತ್ತು. ‘ಬೇರೆ ಯಾರಿಗೆ ಫೋನ್ ಮಾಡಬೇಕು ಅಂತ ತೋಚಲಿಲ್ಲ ಕಣೋ’ ಅಂದ. ಅವನು ಹುಷಾರಾಗಿ ಮನೆಗೆ ಬಂದ. ಆ ಮಾತು ಮಾತ್ರ ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ಮನುಷ್ಯ ಬದುಕಿಡೀ ಬೆನ್ನು ಹತ್ತುವ ಮೂರೂ ಸಂಗತಿಗಳು ಆ ಮೂರು ಪ್ರಶ್ನೆಗಳಲ್ಲಿವೆ. ಆರೋಗ್ಯ, ಹಣ, ನಂಟು. ನಾವು ಇವನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದೇವೆ. ಮೊದಲು ದುಡ್ಡು. ಅದು ಒಂದು ಹದಕ್ಕೆ ಬಂದಮೇಲೆ ಆರೋಗ್ಯ. ಇವೆರಡೂ ಆಗಿ ಪುರುಸೊತ್ತು ಉಳಿದರೆ ಜನ. ನನಗೆ ಅನ್ನಿಸುವುದು, ಈ ಸಾಲೇ ತಪ್ಪು. ನಾವು ಕೊನೆಗೆ ನಿಲ್ಲಿಸಿದ ನಂಟೇ ಮುಂದಿನ ಎರಡನ್ನೂ ಹೊತ್ತುಕೊಂಡಿರುತ್ತದೆ. ಭಾವುಕತೆಯಲ್ಲಿ ಆಡುವ ಮಾತಲ್ಲ ಇದು. ಸುಮಾರು ಅರವತ್ತು ವರ್ಷಗಳಿಂದ ಸಾಕ್ಷ್ಯ ಸೇರುತ್ತಾ ಬಂದಿದೆ.

ದುಡ್ಡು ಮೊದಲು ಅನ್ನುವುದಕ್ಕೂ ಕಾರಣವಿದೆ

‘ಕಾಸಿದ್ದರೆ ಕೈಲಾಸ’ ಅನ್ನುವವರನ್ನು ಟೀಕಿಸುವುದು ಸುಲಭ. ಆದರೆ ಅವರು ಹೇಳುವುದರಲ್ಲಿ ತಿರುಳಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಬ್ಯಾಂಕ್ 2023ರಲ್ಲಿ ಒಂದು ಲೆಕ್ಕ ಕೊಟ್ಟವು. ಚಿಕಿತ್ಸೆಗೆ ಸ್ವಂತ ಜೇಬಿನಿಂದ ಹಣ ಸುರಿದು ಕಷ್ಟಕ್ಕೆ ಸಿಲುಕುವವರು ಜಗತ್ತಿನಲ್ಲಿ ಸುಮಾರು 200 ಕೋಟಿ. ಅವರಲ್ಲಿ 34 ಕೋಟಿಗೂ ಜಾಸ್ತಿ ಜನ ಆ ಖರ್ಚಿನಿಂದಲೇ ಕಡುಬಡತನಕ್ಕೆ ಬೀಳುತ್ತಾರೆ, ಅಥವಾ ಇದ್ದ ಬಡತನದಲ್ಲೇ ಇನ್ನಷ್ಟು ಆಳಕ್ಕೆ ಇಳಿಯುತ್ತಾರೆ. ಒಂದು ಕಾಯಿಲೆ, ಒಂದು ಸಾಲ, ಅಲ್ಲಿಂದ ಮುಂದೆ ಮಕ್ಕಳ ಓದು ನಿಲ್ಲುತ್ತದೆ. ಈ ಭಯ ಗೊತ್ತಿರುವ ಮನುಷ್ಯನಿಗೆ ‘ದುಡ್ಡಿನ ಹಿಂದೆ ಓಡಬೇಡಿ’ ಅಂತ ಉಪದೇಶ ಮಾಡುವುದು ನ್ಯಾಯವಲ್ಲ.

ಹಣದಿಂದ ನೆಮ್ಮದಿ ಹೆಚ್ಚುತ್ತದೆಯೇ ಅನ್ನುವ ಚರ್ಚೆಯೂ ಈಗ ಸ್ವಲ್ಪ ತಿಳಿಯಾಗಿದೆ. ಸಂಶೋಧಕರಾದ ಡೇನಿಯಲ್ ಕಾನಮನ್ ಮತ್ತು ಆಂಗಸ್ ಡೀಟನ್ 2010ರಲ್ಲಿ, ಒಂದು ಮಟ್ಟದ ಆದಾಯ ದಾಟಿದ ಮೇಲೆ ದಿನನಿತ್ಯದ ಖುಷಿ ಹೆಚ್ಚುವುದಿಲ್ಲ ಅಂದಿದ್ದರು. ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ 2021ರಲ್ಲಿ, ಇಲ್ಲ, ಹೆಚ್ಚುತ್ತಲೇ ಹೋಗುತ್ತದೆ ಅಂದರು. ಎರಡೂ ಕಡೆಯವರು ಜಗಳ ಬೆಳೆಸಲಿಲ್ಲ. ಕಾನಮನ್ ಮತ್ತು ಕಿಲ್ಲಿಂಗ್ಸ್‌ವರ್ತ್ ಒಟ್ಟಿಗೆ ಕೂತು ಅದೇ ಅಂಕಿಗಳನ್ನು ಮತ್ತೆ ನೋಡಿ 2023ರಲ್ಲಿ ಜಂಟಿ ಪ್ರಬಂಧ ಪ್ರಕಟಿಸಿದರು. ಬಹುಪಾಲು ಜನರಲ್ಲಿ ಆದಾಯ ಹೆಚ್ಚಿದಂತೆ ಖುಷಿಯೂ ಹೆಚ್ಚುತ್ತದೆ. ಆದರೆ ಎಲ್ಲರಿಗಿಂತ ಜಾಸ್ತಿ ಸಂಕಟದಲ್ಲಿರುವ ಸುಮಾರು ಐದನೇ ಒಂದು ಭಾಗ ಜನರಲ್ಲಿ ಅದು ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಸಂಗಾತಿ ಸತ್ತ ದುಃಖ, ಮನಸ್ಸಿನ ಕಾಯಿಲೆ, ಒಡೆದ ಸಂಬಂಧ, ಇಂಥವಕ್ಕೆ ದುಡ್ಡು ಒಂದು ಹಂತದವರೆಗೆ ಆಸರೆ ಕೊಡುತ್ತದೆ, ಅಲ್ಲಿಂದ ಮುಂದೆ ಅದರ ಕೈ ಸಾಗುವುದಿಲ್ಲ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಇನ್ನೊಂದು ಅಂಶವೂ ಮುಖ್ಯ. ಖುಷಿ ಹೆಚ್ಚುವುದು ರೂಪಾಯಿಯ ಲೆಕ್ಕದಲ್ಲಲ್ಲ, ಪಾಲಿನ ಲೆಕ್ಕದಲ್ಲಿ. ಕಡಿಮೆ ಸಂಬಳದವನ ಆದಾಯ ಎರಡು ಪಟ್ಟಾದರೆ ಎಷ್ಟು ನೆಮ್ಮದಿ ಬರುತ್ತದೋ, ಸಿರಿವಂತನಿಗೆ ಅಷ್ಟೇ ನೆಮ್ಮದಿ ಬರಬೇಕಾದರೆ ಅವನ ಆದಾಯವೂ ಎರಡು ಪಟ್ಟಾಗಬೇಕು. ಹಾಗಾಗಿ ಮೇಲೆ ಹೋದಷ್ಟೂ ಅದೇ ಒಂದು ಚೂರು ನೆಮ್ಮದಿಗೆ ತುಂಬಾ ಜಾಸ್ತಿ ದುಡಿಯಬೇಕಾಗುತ್ತದೆ. ಅಷ್ಟು ದುಡಿಯಲು ಬೇಕಾದ ಗಂಟೆಗಳು ಎಲ್ಲಿಂದ ಬರುತ್ತವೆ? ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಜವಾನ ಮತ್ತು ಅಧಿಕಾರಿ

ಆರೋಗ್ಯ ಅಂದರೆ ನಮ್ಮ ಮನಸ್ಸಿಗೆ ಬರುವುದು ಒಬ್ಬ ಮನುಷ್ಯ ಮತ್ತು ಅವನ ಮೈ. ಏನು ತಿಂದ, ಎಷ್ಟು ನಡೆದ, ಬೀಡಿ ಸಿಗರೇಟು ಬಿಟ್ಟನೋ ಇಲ್ಲವೋ. ಕೈಗೆ ಕಟ್ಟಿಕೊಂಡ ಗಡಿಯಾರ ಹೆಜ್ಜೆ ಎಣಿಸುತ್ತದೆ, ನಿದ್ದೆ ಎಣಿಸುತ್ತದೆ. ಎಲ್ಲವೂ ವೈಯಕ್ತಿಕ ಸಾಧನೆಯ ಪಟ್ಟಿಗೆ ಸೇರಿದೆ. ಈ ನೋಟ ಎಷ್ಟು ಅರ್ಧಂಬರ್ಧ ಅನ್ನುವುದನ್ನು ಒಂದು ಹಳೆಯ ಅಧ್ಯಯನ ತೋರಿಸುತ್ತದೆ.

ಲಂಡನ್ನಿನ ಸರ್ಕಾರಿ ಕಚೇರಿಗಳಿರುವ ಬೀದಿಯ ಹೆಸರು ವೈಟ್‌ಹಾಲ್. 1967ರಲ್ಲಿ ಅಲ್ಲಿನ 17,000ಕ್ಕೂ ಜಾಸ್ತಿ ಗಂಡಸು ನೌಕರರ ಆರೋಗ್ಯವನ್ನು ಹಿಂಬಾಲಿಸುವ ಕೆಲಸ ಶುರುವಾಯಿತು. ಇವರಲ್ಲಿ ಯಾರೂ ನಿರ್ಗತಿಕರಲ್ಲ. ಎಲ್ಲರಿಗೂ ಸರ್ಕಾರಿ ಕೆಲಸ. ಎಲ್ಲರಿಗೂ ಒಂದೇ ಸಾರ್ವಜನಿಕ ಆರೋಗ್ಯ ವ್ಯವಸ್ಥೆ. ಆದರೂ ಕೆಳಗಿನ ದರ್ಜೆಯ ಜವಾನರು, ಬಾಗಿಲು ಕಾಯುವವರ ಸಾವಿನ ಪ್ರಮಾಣ ಮೇಲಿನ ದರ್ಜೆಯ ಅಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಇತ್ತು. ಅದಕ್ಕಿಂತ ಅಚ್ಚರಿ ಏನೆಂದರೆ, ಇದು ಮೇಲಿನವರು ಮತ್ತು ಕೆಳಗಿನವರು ಅನ್ನುವ ಎರಡೇ ಗುಂಪಿನ ಕತೆ ಆಗಿರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿತ್ತು. ತುದಿಯಲ್ಲಿರುವವರಿಗಿಂತ ಒಂದು ಮೆಟ್ಟಿಲು ಕೆಳಗಿನವರ ಆರೋಗ್ಯ ಸ್ವಲ್ಪ ಕಡಿಮೆ, ಅವರಿಗಿಂತ ಕೆಳಗಿನವರದು ಇನ್ನೂ ಕಡಿಮೆ.

ಸಿಗರೇಟು, ರಕ್ತದೊತ್ತಡ, ಕೊಲೆಸ್ಟ್ರಾಲ್ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೂ ಆ ಅಂತರದ ದೊಡ್ಡ ಪಾಲು ಹಾಗೇ ಉಳಿಯಿತು. 1985ರಲ್ಲಿ ಎರಡನೆಯ ಸುತ್ತು ಶುರುವಾಯಿತು. ಈ ಸಲ ಹೆಂಗಸರೂ ಸೇರಿ 10,308 ಜನ. ಇದನ್ನು ಮುನ್ನಡೆಸಿದ ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು ಕಂಡುಕೊಂಡದ್ದು ಇದು: ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದವರಲ್ಲಿ ಹೃದಯದ ಕಾಯಿಲೆ ಜಾಸ್ತಿ. ಯಾವಾಗ ಏನು ಮಾಡಬೇಕು, ಹೇಗೆ ಮಾಡಬೇಕು ಅನ್ನುವುದನ್ನು ದಿನವಿಡೀ ಬೇರೆಯವರೇ ಹೇಳುತ್ತಿದ್ದರೆ ಮೈ ಅದನ್ನು ಸುಮ್ನೆ ಸಹಿಸಿಕೊಂಡು ಕೂರುವುದಿಲ್ಲ. ಸಮಾಜದಲ್ಲಿ ನಾವು ನಿಂತ ಜಾಗ, ನಮ್ಮನ್ನು ಬೇರೆಯವರು ನಡೆಸಿಕೊಳ್ಳುವ ರೀತಿ, ಇವು ಚರ್ಮದ ಒಳಗೆ ಇಳಿಯುತ್ತವೆ.

ಹಾಗಾದರೆ ನಂಟು ಕೂಡ ಹೀಗೇ ಮೈಗಿಳಿಯುತ್ತದೆಯೇ? ಇದನ್ನು ಪರೀಕ್ಷೆ ಮಾಡಿ ನೋಡಿದವರು ಮನೋವಿಜ್ಞಾನಿ ಶೆಲ್ಡನ್ ಕೋಹೆನ್. 1997ರಲ್ಲಿ ಪ್ರಕಟವಾದ ಅವರ ಅಧ್ಯಯನ ನನಗೆ ತುಂಬಾ ಇಷ್ಟ, ಯಾಕೆಂದರೆ ಅದರಲ್ಲಿರುವುದು ಎಲ್ಲರಿಗೂ ಬರುವ ಕಾಯಿಲೆ, ನೆಗಡಿ. ಆರೋಗ್ಯವಾಗಿದ್ದ 276 ಜನರನ್ನು ಸೇರಿಸಿದರು. ಗಂಡ, ಹೆಂಡತಿ, ಅಪ್ಪ ಅಮ್ಮ, ಗೆಳೆಯರು, ನೆರೆಹೊರೆ, ಜೊತೆಗೆ ಕೆಲಸ ಮಾಡುವವರು, ಸಂಘದ ಸದಸ್ಯರು, ಹೀಗೆ 12 ಬಗೆಯ ಸಂಬಂಧಗಳಲ್ಲಿ ಯಾರಿಗೆ ಎಷ್ಟು ಬಗೆ ಇವೆ ಅಂತ ಕೇಳಿದರು. ಆಮೇಲೆ ಅವರೆಲ್ಲರ ಮೂಗಿಗೆ ನೆಗಡಿಯ ವೈರಸ್ ಇರುವ ಹನಿ ಬಿಟ್ಟರು. ಬೇರೆಯಾಗಿ ಇರಿಸಿ ಗಮನಿಸಿದರು. ಎಲ್ಲರಿಗೂ ತಗುಲಿಸಿದ್ದು ವೈರಸ್ಸೇ, ಆದರೆ ಎಲ್ಲರಿಗೂ ನೆಗಡಿ ಬರಲಿಲ್ಲ. ಒಂದರಿಂದ ಮೂರು ಬಗೆಯ ಸಂಬಂಧ ಮಾತ್ರ ಇದ್ದವರಿಗೆ ನೆಗಡಿಯ ಅಪಾಯ, ಆರು ಅಥವಾ ಜಾಸ್ತಿ ಬಗೆ ಇದ್ದವರಿಗಿಂತ ನಾಲ್ಕು ಪಟ್ಟಿಗೂ ಮೇಲಿತ್ತು.

ಗಮನಿಸಿ, ಇಲ್ಲಿ ಎಣಿಸಿದ್ದು ಎಷ್ಟು ಜನ ಅಂತ ಅಲ್ಲ, ಎಷ್ಟು ಬಗೆಯ ನಂಟು ಅಂತ. ಕಚೇರಿಯ ನೂರು ಜನರ ಪರಿಚಯ ಒಂದೇ ಬಗೆಯ ನಂಟು. ಕಚೇರಿ ಹೋದ ದಿನ ನೂರೂ ಹೋಗುತ್ತವೆ. ನನ್ನ ಗೆಳೆಯನಿಗೆ ಆಗಿದ್ದೂ ಅದೇ. ಅವನ ಫೋನಿನಲ್ಲಿ ಹೆಸರುಗಳಿಗೇನೂ ಬರ ಇರಲಿಲ್ಲ.

ಆಮೇಲೆ 2010ರಲ್ಲಿ ಜೂಲಿಯಾನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಸಂಗಡಿಗರು 148 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಒಟ್ಟು ಮೂರು ಲಕ್ಷಕ್ಕೂ ಹೆಚ್ಚು ಜನ. ಗಟ್ಟಿ ಸಂಬಂಧಗಳಿದ್ದವರು ಆಯಾ ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ ಶೇ. 50ರಷ್ಟು ಜಾಸ್ತಿ. ಸಿಗರೇಟು ಬಿಡುವುದರಿಂದ ಸಿಗುವ ಲಾಭದ ಮಟ್ಟದ್ದು ಇದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಾಯಿಲೆ ಬಿದ್ದವರು ಜನರಿಂದ ದೂರ ಆಗುತ್ತಾರೆ. ಹಾಗಾಗಿ ಒಂಟಿತನದಿಂದ ಕಾಯಿಲೆಯೋ, ಕಾಯಿಲೆಯಿಂದ ಒಂಟಿತನವೋ ಅನ್ನುವ ಪ್ರಶ್ನೆ ಸುಲಭವಾಗಿ ಬಗೆಹರಿಯುವುದಿಲ್ಲ. ಎರಡೂ ಕಡೆಗೆ ದಾರಿ ಇದೆ. ಮೊದಲಿನಿಂದಲೂ ಆರೋಗ್ಯವಾಗಿದ್ದವರನ್ನೇ ಹಿಂಬಾಲಿಸಿದ ಅಧ್ಯಯನಗಳಲ್ಲೂ ಒಂಟಿತನಕ್ಕೂ ಕಾಯಿಲೆಗೂ ಇರುವ ಈ ಕೊಂಡಿ ಕಾಣುತ್ತದೆ ಅನ್ನುವುದರಿಂದ, ಮೊದಲ ದಾರಿ ಇಲ್ಲವೇ ಇಲ್ಲ ಅಂತ ತಳ್ಳಿಹಾಕುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ 1948ರಲ್ಲಿ ಜಾರಿಗೆ ಬಂದಾಗಲೇ ಅದರಲ್ಲಿ ಆರೋಗ್ಯ ಅಂದರೆ ದೇಹ, ಮನಸ್ಸು ಮತ್ತು ಸಮಾಜ ಮೂರರ ಕ್ಷೇಮ ಅಂತ ಬರೆದಿತ್ತು. ಮೂರನೆಯ ಮಾತನ್ನು ನಾವು ಓದದೇ ಪುಟ ತಿರುಗಿಸಿದೆವು.

ಕೆಲಸ ಕೊಡಿಸುವವರು ಯಾರು?

ಇನ್ನು ಹಣದ ವಿಷಯ. ಪ್ರತಿಭೆ ಮತ್ತು ದುಡಿಮೆಯಿಂದ ಹಣ ಬರುತ್ತದೆ ಅಂತ ನಾವು ನಂಬುತ್ತೇವೆ. ಅದು ನಿಜ ಕೂಡ. ಆದರೆ ಪ್ರತಿಭೆಗೆ ಬಾಗಿಲು ಎಲ್ಲಿದೆ ಅಂತ ತೋರಿಸುವವರು ಬೇಕಲ್ವಾ?

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಒಂದು ಪ್ರಬಂಧ ಬರೆದರು. ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ಅವರು ಒಂದು ಪ್ರಶ್ನೆ ಕೇಳಿದರು. ಆ ಪರಿಚಯದವರನ್ನು ನೀವು ಎಷ್ಟು ಸಲ ಭೇಟಿ ಮಾಡುತ್ತಿದ್ದಿರಿ? ಅವರು ಆಪ್ತರೇ ಇರಬೇಕು ಅಂತ ನಮಗೆ ಅನ್ನಿಸುತ್ತದೆ. ಆದರೆ ಆಗಾಗ ಸಿಗುವವರು ಅಂದವರು ಶೇ. 17ರಷ್ಟು ಮಾತ್ರ. ಆಗೊಮ್ಮೆ ಈಗೊಮ್ಮೆ ಸಿಗುವವರು ಅಂದವರು ಶೇ. 56. ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತ ಕಡಿಮೆ ಸಿಗುವವರು ಅಂದವರು ಶೇ. 28. ಕಾರಣ ಸರಳ. ನಮ್ಮ ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ವಲಯದಲ್ಲಿ ಓಡಾಡುವ ದೂರದ ಪರಿಚಯದವರಿಂದ. 2022ರಲ್ಲಿ, ಕೆಲಸದ ಪರಿಚಯಗಳಿಗಾಗಿ ಇರುವ ಜಾಲತಾಣ ಲಿಂಕ್ಡ್‌ಇನ್‌ನ 2 ಕೋಟಿಗೂ ಹೆಚ್ಚು ಬಳಕೆದಾರರ ಮೇಲೆ ಐದು ವರ್ಷ ನಡೆದ ಪ್ರಯೋಗದ ಫಲಿತಾಂಶ ಬಂತು. ಅದರಲ್ಲೂ ಇದೇ ಕಂಡಿತು, ಸಣ್ಣ ತಿದ್ದುಪಡಿಯೊಂದಿಗೆ. ತೀರಾ ಹತ್ತಿರವೂ ಅಲ್ಲದ, ತೀರಾ ದೂರವೂ ಅಲ್ಲದ ಪರಿಚಯಗಳೇ ಕೆಲಸ ಬದಲಿಸಲು ಎಲ್ಲಕ್ಕಿಂತ ಜಾಸ್ತಿ ನೆರವಾಗಿದ್ದವು.

ಅದೇ ವರ್ಷ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಅಮೆರಿಕದ 7 ಕೋಟಿಗೂ ಹೆಚ್ಚು ಫೇಸ್‌ಬುಕ್ ಬಳಕೆದಾರರ 2,100 ಕೋಟಿ ಗೆಳೆತನಗಳನ್ನು ವಿಶ್ಲೇಷಿಸಿದರು. ಬಡವರ ಮಕ್ಕಳು ದೊಡ್ಡವರಾದಾಗ ಮೇಲೆ ಬರುವುದು ಯಾವ ಜಾಗಗಳಲ್ಲಿ ಜಾಸ್ತಿ ಅಂತ ನೋಡಿದರೆ, ಬಡವರು ಮತ್ತು ಉಳ್ಳವರು ಗೆಳೆಯರಾಗಿರುವ ಜಾಗಗಳಲ್ಲಿ. ಬಡ ಕುಟುಂಬದ ಮಕ್ಕಳಿಗೂ ಸಿರಿವಂತರ ಮಕ್ಕಳಿಗೆ ಇರುವಷ್ಟೇ ಇಂಥ ಗೆಳೆತನ ಸಿಗುವ ಊರಿನಲ್ಲಿ ಬೆಳೆದರೆ, ಮುಂದೆ ಅವರ ಆದಾಯ ಸರಾಸರಿ ಶೇ. 20ರಷ್ಟು ಹೆಚ್ಚಾಗುತ್ತಿತ್ತು ಅನ್ನುವುದು ಅವರ ಅಂದಾಜು. ಒಂದೇ ಶಾಲೆಗೆ ಸೇರಿಸಿದರೆ ಸಾಲದು ಅನ್ನುವುದೂ ಅಲ್ಲಿ ಕಂಡಿತು. ಒಂದೇ ಕಟ್ಟಡದಲ್ಲಿದ್ದರೂ ಮಕ್ಕಳು ತಮ್ಮ ತಮ್ಮ ಮಟ್ಟದವರ ಜೊತೆಗೇ ಗುಂಪು ಕಟ್ಟಿಕೊಳ್ಳುತ್ತಾರೆ. ಒಳಗೆ ಬೆರೆಯುವ ಅವಕಾಶವನ್ನೂ ಬೇಕೆಂದೇ ಮಾಡಿಕೊಡಬೇಕು.

ಇದರಲ್ಲಿ ನೋಯಿಸುವ ಸತ್ಯವೊಂದಿದೆ. ನಂಟು ಹಣ ತರುತ್ತದೆ ಅಂದರೆ, ನಂಟಿಲ್ಲದವರು ಬಾಗಿಲ ಹೊರಗೆ ಉಳಿಯುತ್ತಾರೆ ಅಂತಲೂ ಅರ್ಥ. ಉಳ್ಳವರು ಉಳ್ಳವರ ಜೊತೆಗೆ ಮಾತ್ರ ಬೆರೆತಾಗ ಸಂಪತ್ತು ಅಲ್ಲಲ್ಲೇ ಸುತ್ತುತ್ತದೆ. ಯಾರೂ ಯಾರಿಗೂ ಕೇಡು ಬಯಸಬೇಕಾಗಿಲ್ಲ. ಸುಮ್ನೆ ತಮಗೆ ಗೊತ್ತಿದ್ದವರಿಗೆ ಫೋನ್ ಮಾಡಿದರೆ ಸಾಕು.

ವಿಮೆಯ ಹುಟ್ಟಿನಲ್ಲೂ ನಂಟಿನ ಕತೆಯೇ ಇದೆ. ಈಗ ಅದೊಂದು ಪಾಲಿಸಿ ನಂಬರ್. ಮೊದಲು ಅದೊಂದು ಕೂಟವಾಗಿತ್ತು. ಹದಿನೆಂಟು, ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ದುಡಿಯುವ ಜನ ಸೇರಿ ಸಹಾಯ ಸಂಘಗಳನ್ನು ಕಟ್ಟಿಕೊಂಡಿದ್ದರು. ಎಲ್ಲರೂ ಸ್ವಲ್ಪ ಸ್ವಲ್ಪ ಹಣ ಹಾಕುವುದು, ಹುಷಾರು ತಪ್ಪಿ ಕೆಲಸಕ್ಕೆ ಹೋಗಲಾರದವರಿಗೆ ಅದರಿಂದ ಕೊಡುವುದು, ಸತ್ತರೆ ಮಣ್ಣಿನ ಖರ್ಚು ನೋಡಿಕೊಳ್ಳುವುದು. ಕಾಯಿಲೆ ಬಿದ್ದ ಸದಸ್ಯನ ಮನೆಗೆ ಹೋಗಿ ನೋಡಿಕೊಂಡು ಬರಲು ಸಂಘದವರೇ ಸರದಿ ಹಾಕಿಕೊಳ್ಳುತ್ತಿದ್ದರು. ನಿಜಕ್ಕೂ ಕಾಯಿಲೆಯೋ ಅಥವಾ ನಾಟಕವೋ ಅಂತ ಪರೀಕ್ಷಿಸುವುದೂ ಆ ಭೇಟಿಯ ಉದ್ದೇಶವಾಗಿತ್ತು. ಇರಲಿ, ಒಬ್ಬ ಮನುಷ್ಯ ಹಾಸಿಗೆಯ ಪಕ್ಕಕ್ಕೆ ಬಂದು ಕೂರುತ್ತಿದ್ದ. 1883ರಲ್ಲಿ ಜರ್ಮನಿ ಕಾರ್ಮಿಕರಿಗೆ ಕಾಯಿಲೆ ವಿಮೆಯನ್ನು ಕಾನೂನು ಮಾಡಿತು. 1948ರಲ್ಲಿ ಬ್ರಿಟನ್ ಎಲ್ಲರಿಗೂ ಉಚಿತ ಚಿಕಿತ್ಸೆ ತಂದಿತು. ಪರಿಚಯವೇ ಇಲ್ಲದ ಕೋಟ್ಯಂತರ ಜನ ಒಬ್ಬರಿಗೊಬ್ಬರು ಆಗಿಬರುವ ಈ ಏರ್ಪಾಡನ್ನು ನಾನು ಮನುಷ್ಯರು ಮಾಡಿದ ದೊಡ್ಡ ಕೆಲಸಗಳಲ್ಲಿ ಒಂದು ಅಂತ ಭಾವಿಸುತ್ತೇನೆ. ಸಂಘಗಳು ಕೈಬಿಟ್ಟವರನ್ನೂ ಅದು ಒಳಗೆ ತಂದಿತು. ಆದರೆ ಹಣ ದೊಡ್ಡ ವ್ಯವಸ್ಥೆಗೆ ಹೋದಾಗ ಹಾಸಿಗೆಯ ಪಕ್ಕದ ಕುರ್ಚಿ ಖಾಲಿಯಾಯಿತು. ನನ್ನ ಗೆಳೆಯನ ಫೋನಿನಲ್ಲಿದ್ದ ಕಾರ್ಡ್ ಆಸ್ಪತ್ರೆಯ ಬಿಲ್ ಕಟ್ಟಿತು. ರಾತ್ರಿ ನೀರು ಕೊಡಲು ಅದರಿಂದ ಆಗಲಿಲ್ಲ.

ಒಂಟಿತನ ಸಿರಿವಂತರ ಕಾಯಿಲೆ ಅಲ್ಲ

ಒಂಟಿತನ ಅಂದರೆ ದೊಡ್ಡ ಮನೆಯಲ್ಲಿ ಒಬ್ಬರೇ ಇರುವ ವಯಸ್ಸಾದವರು ಅನ್ನುವ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಬಡವರಿಗೆ ಹಣವಿಲ್ಲದಿದ್ದರೂ ಜನ ಇರುತ್ತಾರೆ ಅನ್ನುವ ನಂಬಿಕೆಯೂ ಜೊತೆಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್‌ನಲ್ಲಿ ಕೊಟ್ಟ ವರದಿ ಈ ಎರಡೂ ನಂಬಿಕೆಗಳನ್ನು ಅಲುಗಾಡಿಸಿತು. ಜಗತ್ತಿನಲ್ಲಿ ಆರರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತದೆ. ಹದಿಹರೆಯದವರಲ್ಲಿ ಇದು ಎಲ್ಲರಿಗಿಂತ ಜಾಸ್ತಿ. ಬಡ ದೇಶಗಳಲ್ಲಿ ಸುಮಾರು ಶೇ. 24 ಜನ ಒಂಟಿತನ ಹೇಳಿಕೊಂಡರೆ, ಸಿರಿವಂತ ದೇಶಗಳಲ್ಲಿ ಶೇ. 11. ಎರಡು ಪಟ್ಟಿಗೂ ಹೆಚ್ಚು. ಒಂಟಿತನಕ್ಕೆ ತಳುಕು ಹಾಕಿಕೊಂಡ ಸಾವುಗಳು ವರ್ಷಕ್ಕೆ 8.7 ಲಕ್ಷ ಅನ್ನುವುದು ಆ ವರದಿಯ ಅಂದಾಜು, ಅಂದರೆ ಗಂಟೆಗೆ ಸುಮಾರು 100.

ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ನಂಟು ಉಳಿಸಿಕೊಳ್ಳಲೂ ಖರ್ಚಿದೆ. ಬಸ್ಸಿಗೆ ದುಡ್ಡು ಬೇಕು. ಮನೆಗೆ ಬಂದವರನ್ನು ಕೂರಿಸಲು ಜಾಗ ಬೇಕು. ಮದುವೆ, ಸಾವು, ನಾಮಕರಣಕ್ಕೆ ಬರಿಗೈಯಲ್ಲಿ ಹೋಗಲು ಮುಜುಗರ. ಸಾಲ ಇದ್ದರಂತೂ ಗುರುತಿನವರು ಎದುರಿಗೆ ಸಿಕ್ಕರೆ ರಸ್ತೆ ದಾಟಿ ಆಚೆ ಹೋಗಬೇಕು ಅನ್ನಿಸುತ್ತದೆ. ಕೆಲಸ ಹುಡುಕಿ ಊರು ಬಿಟ್ಟವರಿಗೆ ಹಳೆಯ ನಂಟು ದೂರವಾಗಿರುತ್ತದೆ, ಹೊಸದು ಇನ್ನೂ ಕೂಡಿರುವುದಿಲ್ಲ. ಹಾಗಾಗಿ ಹಣ, ಆರೋಗ್ಯ, ನಂಟು ಮೂರೂ ಒಟ್ಟಿಗೇ ಕುಸಿಯುತ್ತವೆ. ಒಂದು ಹೋದರೆ ಇನ್ನೊಂದನ್ನು ಎಳೆದುಕೊಂಡು ಹೋಗುತ್ತದೆ.

ಒಂದೇ ಜೇಬಿನಿಂದ ತೆಗೆಯುವ ಗಂಟೆಗಳು

ಈಗ ಆಗ ಬಿಟ್ಟ ಪ್ರಶ್ನೆಗೆ ಬರುತ್ತೇನೆ. ಮೂರಕ್ಕೂ ಬೇಕಾದದ್ದು ಸಮಯ. ಅದು ಇರುವುದು ದಿನಕ್ಕೆ 24 ಗಂಟೆ, ಯಾರಿಗೂ ಒಂದು ನಿಮಿಷ ಜಾಸ್ತಿ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರು 2016ರಲ್ಲಿ 48.8 ಕೋಟಿ ಇದ್ದರು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ ಇವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35 ಹೆಚ್ಚು. ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17 ಹೆಚ್ಚು. ಆ ಒಂದೇ ವರ್ಷ ದೀರ್ಘ ದುಡಿಮೆಗೆ ಸಂಬಂಧಿಸಿದ ಇಂಥ ಸಾವುಗಳು 7.45 ಲಕ್ಷ. ಆಮೇಲೆ ಆರೋಗ್ಯ ನೋಡಿಕೊಳ್ಳೋಣ ಅಂತ ಕೂಡಿಟ್ಟ ಹಣ, ಆ ಹೊತ್ತಿಗೆ ಆಸ್ಪತ್ರೆಗೇ ಹೋಗುತ್ತದೆ.

ನಂಟಿಗೂ ಗಂಟೆಗಳ ಲೆಕ್ಕವಿದೆ. ಜೆಫ್ರಿ ಹಾಲ್ ಅನ್ನುವ ಸಂಶೋಧಕರು 2018ರಲ್ಲಿ ಅದನ್ನು ಅಂದಾಜು ಮಾಡಿದರು. ಬರೀ ಪರಿಚಯದವರು ಒಂದು ಮಟ್ಟದ ಗೆಳೆಯರಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು. ನಿಜವಾದ ಗೆಳೆತನಕ್ಕೆ 90 ಗಂಟೆ. ಆಪ್ತರಾಗಲು 200 ಗಂಟೆಗೂ ಮೇಲೆ. ಅದೂ ಒಟ್ಟಿಗೆ ಕೆಲಸ ಮಾಡಿದ ಗಂಟೆಗಳು ಇದಕ್ಕೆ ಅಷ್ಟಾಗಿ ಜಮೆ ಆಗುವುದಿಲ್ಲ. ಹರಟೆ, ಆಟ, ಸುಮ್ನೆ ಜೊತೆಗೆ ಇರುವುದು, ಇವು ಜಮೆ ಆಗುತ್ತವೆ. ನಾವು ಟೈಂ ವೇಸ್ಟ್ ಅಂತ ಹೆಸರಿಟ್ಟ ಗಂಟೆಗಳೇ ಅವು.

ನಂಟನ್ನು ಮುಂದಕ್ಕೆ ಹಾಕುವವರು ಇದನ್ನು ಮರೆಯುತ್ತಾರೆ. ದುಡ್ಡನ್ನು ಐವತ್ತನೇ ವಯಸ್ಸಿನಲ್ಲೂ ಗಳಿಸಬಹುದು. ನಿಲ್ಲಿಸಿದ ವ್ಯಾಯಾಮವನ್ನು ಮತ್ತೆ ಶುರು ಮಾಡಿದರೆ ಮೈ ಸ್ವಲ್ಪ ಮಟ್ಟಿಗೆ ಕೇಳುತ್ತದೆ. ಮೂವತ್ತು ವರ್ಷದ ಹಳೆಯ ಗೆಳೆತನ ಬೇಕು ಅಂದರೆ ಮೂವತ್ತು ವರ್ಷವೇ ಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯ 1938ರಲ್ಲಿ ಶುರು ಮಾಡಿ ಇವತ್ತಿಗೂ ಮುಂದುವರಿಸಿರುವ ಅಧ್ಯಯನವೊಂದಿದೆ. ಹಾರ್ವರ್ಡ್‌ನ ಕಾಲೇಜು ಹುಡುಗರು ಮತ್ತು ಬಾಸ್ಟನ್ನಿನ ಬಡ ಬೀದಿಗಳ ಹುಡುಗರು ಸೇರಿ 724 ಜನರನ್ನು ಅದು ಜೀವನವಿಡೀ ಹಿಂಬಾಲಿಸಿತು. ಅದರ ಈಗಿನ ನಿರ್ದೇಶಕ ರಾಬರ್ಟ್ ವಾಲ್ಡಿಂಗರ್ ಹೇಳುವ ಪ್ರಕಾರ, ಎಂಬತ್ತರಲ್ಲಿ ಯಾರು ಆರೋಗ್ಯವಾಗಿರುತ್ತಾರೆ ಅನ್ನುವುದನ್ನು ಐವತ್ತನೇ ವಯಸ್ಸಿನ ಕೊಲೆಸ್ಟ್ರಾಲ್‌ಗಿಂತ, ಆ ವಯಸ್ಸಿನಲ್ಲಿ ಅವರಿಗೆ ತಮ್ಮ ಸಂಬಂಧಗಳ ಬಗ್ಗೆ ಇದ್ದ ಸಮಾಧಾನವೇ ಚೆನ್ನಾಗಿ ಹೇಳಿತು.

ಆದರೆ ಇದನ್ನು ‘ನೀವು ಜನರಿಗೆ ಟೈಂ ಕೊಡಿ’ ಅನ್ನುವ ಇನ್ನೊಂದು ವೈಯಕ್ತಿಕ ಜವಾಬ್ದಾರಿ ಮಾಡಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಎರಡು ಕಡೆ ದುಡಿದು ಬಾಡಿಗೆ ಕಟ್ಟುವವರಿಗೆ 200 ಗಂಟೆ ಎಲ್ಲಿಂದ ಬರಬೇಕು? ದುಡಿಮೆಯ ಗಂಟೆ, ಮನೆಯಿಂದ ಕೆಲಸಕ್ಕೆ ಇರುವ ದೂರ, ಕಾಸು ಕೊಡದೆ ಕೂರಬಹುದಾದ ಒಂದು ಜಾಗ, ಇವು ಕಾನೂನು ಮತ್ತು ನಗರ ಕಟ್ಟುವವರ ಕೈಯಲ್ಲಿವೆ. ಪಾರ್ಕಿನ ಒಂದು ಬೆಂಚು ಕೂಡ ಆರೋಗ್ಯ ಇಲಾಖೆಯ ವಿಷಯವೇ. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನದ ಹೊಣೆಯನ್ನು ಒಬ್ಬ ಸಚಿವರಿಗೆ ವಹಿಸಿದವು.

ಆಪತ್ತಿಗಾಗುವ ನೆಂಟರು, ಆಪತ್ತು ತರುವ ನೆಂಟರು

ಎಲ್ಲ ನಂಟೂ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಹೊಡೆಯುವ ಮನೆಯಲ್ಲಿ ಉಳಿಯುವುದಕ್ಕಿಂತ ಒಂಟಿತನ ಎಷ್ಟೋ ವಾಸಿ. ಹುಷಾರಿಲ್ಲದವರ ಪಕ್ಕದ ಕುರ್ಚಿಯಲ್ಲಿ ಕೂರುವವರು ಯಾರು ಅಂತಲೂ ನೋಡಬೇಕು. ಜಗತ್ತಿನ ಎಲ್ಲ ಕಡೆ ಅದು ಬಹುಪಾಲು ಹೆಂಗಸರೇ. ಸಂಬಳವಿಲ್ಲದ ಈ ಆರೈಕೆಗೆ ಅವರು ತಮ್ಮ ದುಡಿಮೆ ಬಿಡುತ್ತಾರೆ, ನಿದ್ದೆ ಬಿಡುತ್ತಾರೆ, ಗೆಳತಿಯರನ್ನೂ ಬಿಡುತ್ತಾರೆ. ಒಬ್ಬರಿಗೆ ಸಿಕ್ಕ ಆಸರೆ ಇನ್ನೊಬ್ಬರ ಮೂರನ್ನೂ ಕಸಿದುಕೊಂಡಿರಬಹುದು.

ನಂಟನ್ನೇ ಬಂಡವಾಳ ಮಾಡಿಕೊಳ್ಳುವವರೂ ಇದ್ದಾರೆ. ವರ್ಷಗಟ್ಟಲೆ ಮಾತಾಡದ ಹಳೆಯ ಸಹಪಾಠಿ ಒಂದು ದಿನ ತುಂಬಾ ಪ್ರೀತಿಯಿಂದ ಫೋನ್ ಮಾಡುತ್ತಾನೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಆರೋಗ್ಯದ ಪುಡಿ ಮಾರುವ ಸ್ಕೀಮಿನ ವಿಷಯಕ್ಕೆ ಬರುತ್ತಾನೆ. ಸರಪಳಿ ಮಾರಾಟದ ಈ ಕಂಪನಿಗಳ ಮಾತಿನಲ್ಲಿ ಆರೋಗ್ಯ, ಸಂಪತ್ತು, ಒಡನಾಟ ಮೂರೂ ಒಂದೇ ಪ್ಯಾಕೆಟ್ಟಿನಲ್ಲಿ ಸಿಗುತ್ತವೆ. ಒಂಟಿಯಾಗಿರುವವರು, ಕೆಲಸ ಕಳೆದುಕೊಂಡವರು ಅದಕ್ಕೆ ಒಲಿಯುವುದು ದಡ್ಡತನದಿಂದಲ್ಲ, ಹಸಿವಿನಿಂದ. 2008ರ ಡಿಸೆಂಬರ್‌ನಲ್ಲಿ ಬಯಲಾದ, ಅಮೆರಿಕದ ಬರ್ನಾರ್ಡ್ ಮ್ಯಾಡಾಫ್ ಹೂಡಿಕೆಯ ಹೆಸರಿನಲ್ಲಿ ನಡೆಸಿದ ವಂಚನೆಯೂ ಹರಡಿದ್ದು ಕ್ಲಬ್ಬುಗಳ, ಒಂದೇ ಸಮುದಾಯದ ಸಂಸ್ಥೆಗಳ, ಗೆಳೆಯರ ಗೆಳೆಯರ ನಂಬಿಕೆಯ ಮೇಲೆ. ‘ನಮ್ಮವರೇ’ ಅನ್ನುವ ಮಾತು ಲೆಕ್ಕ ಕೇಳುವ ಬಾಯಿಯನ್ನು ಮುಚ್ಚಿಸಿತು.

ಹಸಿವು ಅಂದೆ. ಅದು ಬರೀ ಹೋಲಿಕೆ ಅಲ್ಲ. 2020ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 40 ಜನರನ್ನು ಒಂದು ದಿನ ಹತ್ತು ಗಂಟೆ ಊಟವಿಲ್ಲದೆ, ಇನ್ನೊಂದು ದಿನ ಹತ್ತು ಗಂಟೆ ಯಾರ ಒಡನಾಟವೂ ಇಲ್ಲದೆ ಇರಿಸಿದರು. ಹಸಿದವರಿಗೆ ಊಟದ ಚಿತ್ರ ತೋರಿಸಿದಾಗ ಮಿದುಳಿನ ಯಾವ ಭಾಗ ಎಚ್ಚರಗೊಂಡಿತೋ, ಒಂಟಿಯಾಗಿದ್ದವರಿಗೆ ಜನ ಕೂಡಿ ನಗುವ ಚಿತ್ರ ತೋರಿಸಿದಾಗ ಅದೇ ಭಾಗ ಹಾಗೇ ಎಚ್ಚರಗೊಂಡಿತು.

ಅಜ್ಜಿಯರ ಬೆಂಚು

ಮೂರನ್ನೂ ಒಟ್ಟಿಗೆ ಹಿಡಿಯುವುದು ಹೇಗೆ ಅಂತ ಯೋಚಿಸುವಾಗ ನನಗೆ ನೆನಪಾಗುವುದು ಜಿಂಬಾಬ್ವೆ. ಅಲ್ಲಿನ ಮನೋವೈದ್ಯ ಡಿಕ್ಸನ್ ಚಿಬಾಂಡ ಅವರ ರೋಗಿಯೊಬ್ಬಳು ಆತ್ಮಹತ್ಯೆ ಮಾಡಿಕೊಂಡಳು. ಆಸ್ಪತ್ರೆಗೆ ಬರಲು ಅವಳ ಹತ್ತಿರ ಬಸ್ಸಿನ ದುಡ್ಡು ಇರಲಿಲ್ಲ. ಇಡೀ ದೇಶದಲ್ಲಿ ಇದ್ದ ಮನೋವೈದ್ಯರೇ ಬೆರಳೆಣಿಕೆಯಷ್ಟು. ಚಿಬಾಂಡ 2006ರಲ್ಲಿ ಹರಾರೆ ನಗರದ ಬಡ ಬಡಾವಣೆಯೊಂದರಲ್ಲಿ ಕೆಲಸ ಶುರು ಮಾಡಿದಾಗ ಅವರಿಗೆ ಕೊಠಡಿಯೂ ಸಿಗಲಿಲ್ಲ, ನರ್ಸ್‌ಗಳೂ ಸಿಗಲಿಲ್ಲ. ಸಿಕ್ಕಿದ್ದು ಅಲ್ಲಿನ ಆರೋಗ್ಯ ಕೇಂದ್ರದ ಜೊತೆ ಕೆಲಸ ಮಾಡುತ್ತಿದ್ದ 14 ಅಜ್ಜಿಯರು. ಅವರಿಗೆ ತರಬೇತಿ ಕೊಟ್ಟು, ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರು. ಹೆಸರು ‘ಫ್ರೆಂಡ್‌ಶಿಪ್ ಬೆಂಚ್’.

ಡಿಪ್ರೆಶನ್ ಅನ್ನುವ ಮಾತನ್ನು ಅಜ್ಜಿಯರು ಬಳಸುವುದಿಲ್ಲ. ಅಲ್ಲಿನ ಶೋನ ಭಾಷೆಯಲ್ಲಿ ‘ಕುಫುಂಗಿಸಿಸ’ ಅನ್ನುತ್ತಾರೆ. ವಿಪರೀತ ಯೋಚನೆ ಅಂತ ಅರ್ಥ. ಬಂದವರ ಮಾತು ಕೇಳುತ್ತಾರೆ. ಇರುವ ತಾಪತ್ರಯಗಳಲ್ಲಿ ಒಂದನ್ನು ಆರಿಸಿಕೊಂಡು ಅದಕ್ಕೆ ದಾರಿ ಹುಡುಕಲು ಜೊತೆಯಾಗುತ್ತಾರೆ. ಅದು ಬಾಡಿಗೆ ಇರಬಹುದು, ಗಂಡನ ಕಾಟ ಇರಬಹುದು, ಕಾಯಿಲೆ ಇರಬಹುದು. ಇದನ್ನು 573 ಜನರ ಮೇಲೆ ಪರೀಕ್ಷಿಸಿದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ. 50ರಷ್ಟು ಜನರಲ್ಲಿ ಖಿನ್ನತೆಯ ಲಕ್ಷಣ ಉಳಿದಿತ್ತು. ಬೆಂಚಿಗೆ ಬಂದವರಲ್ಲಿ ಅದು ಶೇ. 14.

ಬೆಂಚಿನ ಸುತ್ತು ಮುಗಿದ ಮೇಲೆ ಅವರನ್ನು ಮನೆಗೆ ಕಳಿಸಿ ಸುಮ್ಮನಾಗುವುದಿಲ್ಲ. ಅದೇ ಬೆಂಚಿನಿಂದ ಎದ್ದುಬಂದ ಬೇರೆಯವರ ಗುಂಪಿಗೆ ಸೇರಿಸುತ್ತಾರೆ. ಅಲ್ಲಿ ಹೆಂಗಸರು ವೃತ್ತಾಕಾರದಲ್ಲಿ ಕೂತು, ಹಳೆಯ ಪ್ಲಾಸ್ಟಿಕ್ಕಿನ ಎಳೆಗಳಿಂದ ಕ್ರೋಶಾ ಹಾಕಿ ಚೀಲ ಹೆಣೆಯುತ್ತಾರೆ. ಹೆಣೆಯುತ್ತಾ ಮಾತಾಡುತ್ತಾರೆ. ಚೀಲ ಮಾರಿದ ದುಡ್ಡು ಮನೆಗೆ ಬರುತ್ತದೆ. ಒಂದು ವಾರ ಯಾರಾದರೂ ಬರದಿದ್ದರೆ, ಅವಳ ಜಾಗ ಖಾಲಿ ಇರುವುದು ಉಳಿದವರಿಗೆ ಕಾಣುತ್ತದೆ.